ಡೇಟಾ ಸಫಿಶಿಯೆನ್ಸಿ ಬೀಜಗಣಿತ: ಬಿಡಿಸುವುದಕ್ಕೆ ಮೊದಲು ‘ಸಾಕೇ?’ ಎಂದು ಕೇಳುವ ಕ್ರಮ

ವರ್ಗ ಸಮೀಕರಣವನ್ನು ನಿದ್ದೆಗಣ್ಣಲ್ಲೂ ಅಪವರ್ತಿಸಬಲ್ಲವರು ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಡೇಟಾ ಸಫಿಶಿಯೆನ್ಸಿಗೆ ಬಂದಾಗ ಸಾಲಾಗಿ ತಪ್ಪು ಮಾಡುತ್ತಾರೆ. ಗಣಿತ ಬಾರದೆ ಅಲ್ಲ. ‘ಬೆಲೆ ಕಂಡುಹಿಡಿಯಿರಿ’ ಎಂಬ ಪ್ರಶ್ನೆಗೆ ಹತ್ತು ವರ್ಷ ಕೈ ಪಳಗಿಸಿಕೊಂಡಿದ್ದೇವೆ. ಇಲ್ಲಿ ಬೆಲೆ ಯಾರಿಗೂ ಬೇಕಿಲ್ಲ. ಅದನ್ನು ಕಂಡುಹಿಡಿಯಲು ಕೊಟ್ಟ ಮಾಹಿತಿ ಸಾಕೋ ಸಾಲದೋ ಎಂಬುದಷ್ಟೇ ಬೇಕು. ಈ ವ್ಯತ್ಯಾಸ ಗೊತ್ತಿದ್ದವರೂ ಎಡವುತ್ತಾರೆ, ಏಕೆಂದರೆ ಅವರು ಹೆಜ್ಜೆಗಳನ್ನು ಹಿಂದುಮುಂದು ಮಾಡುತ್ತಾರೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಬೇಕು.

ಒಂದು ಮಾತು: ಎಕ್ಸ್, ವೈ ಬದಲು ಇಲ್ಲಿ ಹಳೆಯ ಪಠ್ಯಪುಸ್ತಕಗಳಂತೆ ಕ್ಷ, ಯ ಎಂದು ಬರೆದಿದೆ. ಎರಡನ್ನು ಗುಣಿಸುವಲ್ಲಿ × ಚಿಹ್ನೆ ಹಾಕಿದೆ, ಇಲ್ಲದಿದ್ದರೆ ಅದು ಕಾಯಿಲೆಯ ಹೆಸರಾಗುತ್ತದೆ.

## ಮೊದಲು ಬೇಕಾದ ಸಲಕರಣೆ

ಪ್ರತಿ ಪ್ರಶ್ನೆಯಲ್ಲೂ ಒಂದು ಪ್ರಶ್ನೆ, ಎರಡು ಹೇಳಿಕೆ, ಐದು ಆಯ್ಕೆ ಇರುತ್ತವೆ. ಆಯ್ಕೆಗಳು ಎಂದೂ ಬದಲಾಗುವುದಿಲ್ಲ, ಹಾಗಾಗಿ ಪರೀಕ್ಷೆಯ ದಿನ ಅವನ್ನು ಓದಬೇಕಾಗಿ ಬಂದರೆ ತಯಾರಿ ಸಾಲದು ಎಂದೇ ಅರ್ಥ.

ಎ – ಹೇಳಿಕೆ 1 ಒಂದೇ ಸಾಕು, 2 ಒಂದೇ ಸಾಲದು.
ಬಿ – ಹೇಳಿಕೆ 2 ಒಂದೇ ಸಾಕು, 1 ಒಂದೇ ಸಾಲದು.
ಸಿ – ಎರಡೂ ಸೇರಿದರೆ ಸಾಕು, ಬಿಡಿಯಾಗಿ ಯಾವುದೂ ಸಾಲದು.
ಡಿ – ಬಿಡಿಬಿಡಿಯಾಗಿ ಎರಡೂ ಸಾಕು.
ಇ – ಎರಡು ಸೇರಿದರೂ ಸಾಲದು.

ಈಗಿನ ಜಿಮ್ಯಾಟ್‌ನಲ್ಲಿ ಈ ಪ್ರಶ್ನೆಗಳು ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿ ಬರುತ್ತವೆ. 20 ಪ್ರಶ್ನೆಗೆ 45 ನಿಮಿಷ, ಅಂದರೆ ಸರಾಸರಿ 2 ನಿಮಿಷ 15 ಸೆಕೆಂಡು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ. ಬೀಜಗಣಿತದ ಡೇಟಾ ಸಫಿಶಿಯೆನ್ಸಿಗೆ ಅದನ್ನು ತೆರೆದಿರಿ ಎಂದರೆ ಬಹುಪಾಲು ದಾರಿ ತಪ್ಪಿದ್ದೀರಿ: ‘ಸಾಕೇ’ ಎಂಬುದಕ್ಕೆ ದಶಮಾಂಶ ಬೇಕಾಗುವುದೇ ಇಲ್ಲ. ಅಳಿಸಿ ಬರೆಯುವ ಹಾಳೆ ಮಾತ್ರ ಚೆನ್ನಾಗಿ ಬಳಸಿ.

## ಹಂತ 1: ಬೆಲೆಯ ಪ್ರಶ್ನೆಯೋ, ಹೌದು-ಅಲ್ಲ ಪ್ರಶ್ನೆಯೋ?

ಹೇಳಿಕೆಗಳ ಕಡೆ ಕಣ್ಣು ಹಾಯಿಸುವ ಮೊದಲೇ ಇದನ್ನು ತೀರ್ಮಾನಿಸಿ. ‘ಕ್ಷ ಎಷ್ಟು?’ ಎಂಬುದು ಬೆಲೆಯ ಪ್ರಶ್ನೆ. ಒಂದೇ ಒಂದು ಬೆಲೆ ಉಳಿದರೆ ಸಾಕು. ‘ಕ್ಷ ಧನ ಸಂಖ್ಯೆಯೇ?’ ಎಂಬುದು ಹೌದು-ಅಲ್ಲ ಪ್ರಶ್ನೆ. ಎಲ್ಲ ಸಾಧ್ಯತೆಗಳಲ್ಲೂ ಒಂದೇ ಉತ್ತರ ಬಂದರೆ ಸಾಕು.

ಎರಡನೆಯದರಲ್ಲೇ ಹೆಚ್ಚು ಜನ ಜಾರುವುದು. ಉದಾಹರಣೆಗೆ, ಕ್ಷ ಧನ ಸಂಖ್ಯೆಯೇ ಎಂಬ ಪ್ರಶ್ನೆಗೆ ಹೇಳಿಕೆ 1 ಹೀಗಿದೆ: ಕ್ಷ² + 4ಕ್ಷ + 3 = 0. ಅಪವರ್ತಿಸಿದರೆ (ಕ್ಷ + 1)(ಕ್ಷ + 3) = 0, ಅಂದರೆ ಕ್ಷ = −1 ಅಥವಾ −3. ಎರಡು ಬೆಲೆ ಬಂತು, ಆದ್ದರಿಂದ ಸಾಲದು ಎಂದು ಒಬ್ಬರು ಬರೆಯುತ್ತಾರೆ. ಉತ್ತರ ‘ಅಲ್ಲ’ ಎಂದು ಬಂತು, ಆದ್ದರಿಂದ ಸಾಲದು ಎಂದು ಇನ್ನೊಬ್ಬರು. ಇಬ್ಬರದೂ ತಪ್ಪು. ಎರಡು ಬೆಲೆಗಳೂ ಋಣವೇ, ಹಾಗಾಗಿ ಉತ್ತರ ಖಚಿತವಾಗಿ ‘ಅಲ್ಲ’. ಖಚಿತವಾದ ‘ಅಲ್ಲ’ ಕೂಡ ಉತ್ತರವೇ. ಹೇಳಿಕೆ ಸಾಕು.

ಹಾಳೆಯ ಮೂಲೆಯಲ್ಲಿ ‘ಬೆಲೆ’ ಅಥವಾ ‘ಹೌದು/ಅಲ್ಲ’ ಎಂದು ಎರಡಕ್ಷರ ಗೀಚಿಕೊಳ್ಳಿ. ಎರಡು ಸೆಕೆಂಡಿನ ಕೆಲಸ.

## ಹಂತ 2: ಷರತ್ತುಗಳನ್ನು ಇಳಿಸಿಕೊಳ್ಳಿ

ಪ್ರಶ್ನೆಯಲ್ಲಿ ‘ಪೂರ್ಣಾಂಕ’, ‘ಧನ’, ‘ಕ್ಷ ≠ 0’, ‘ಕ್ಷ ≠ ಯ’ ಎಂಬಂಥ ಮಾತುಗಳಿದ್ದರೆ ಬರೆದುಕೊಳ್ಳಿ. ಅದಕ್ಕಿಂತ ಮುಖ್ಯ, ಇಲ್ಲದ್ದನ್ನೂ ಗಮನಿಸಿ. ‘ಪೂರ್ಣಾಂಕ’ ಎಂಬ ಪದ ಇಲ್ಲದಿದ್ದರೆ ಕ್ಷ ಅರ್ಧವೂ ಆಗಬಹುದು, √2 ಕೂಡ ಆಗಬಹುದು. ಜಿಮ್ಯಾಟ್‌ನಲ್ಲಿ ಬರುವ ಸಂಖ್ಯೆಗಳೆಲ್ಲ ವಾಸ್ತವ ಸಂಖ್ಯೆಗಳು. ಅದಕ್ಕಿಂತ ಹೆಚ್ಚಿನದನ್ನು ನೀವಾಗಿ ಊಹಿಸುವಂತಿಲ್ಲ.

ಜನ, ಪುಸ್ತಕ, ಬಸ್ಸು ಎಂದು ಎಣಿಸುವ ವಸ್ತು ಬಂದರೆ ಮಾತ್ರ ಪೂರ್ಣಾಂಕ ಎಂಬ ಷರತ್ತು ಹೇಳದೆಯೇ ಸೇರಿರುತ್ತದೆ.

## ಹಂತ 3: ಪ್ರಶ್ನೆಯನ್ನು ಕರಗಿಸಿ

ಇಡೀ ಕ್ರಮದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು, ಜನ ಹಾರಿಸಿ ಹೋಗುವುದೂ ಇದನ್ನೇ. ಹೇಳಿಕೆ ಓದುವ ಮೊದಲು ಪ್ರಶ್ನೆಯನ್ನು ಎಷ್ಟು ಸರಳ ಮಾಡಲು ಸಾಧ್ಯವೋ ಅಷ್ಟು ಮಾಡಿ.

ಕ್ಷ ≠ ಯ ಎಂದಿದ್ದು, (ಕ್ಷ² − ಯ²)/(ಕ್ಷ − ಯ) ಎಷ್ಟು ಎಂದು ಕೇಳಿದ್ದಾರೆ ಎನ್ನಿ.
ಹೇಳಿಕೆ 1: 3ಕ್ಷ + 3ಯ = 27.
ಹೇಳಿಕೆ 2: ಕ್ಷ − ಯ = 4.

ನೇರ ಹೇಳಿಕೆಗೆ ಹಾರಿದವರು ಎರಡು ಸಮೀಕರಣ, ಎರಡು ಚರಾಕ್ಷರ ನೋಡಿ ‘ಸಿ’ ಒತ್ತಿ ಮುಂದೆ ಹೋಗುತ್ತಾರೆ. ಅಂಶವನ್ನು (ಕ್ಷ + ಯ)(ಕ್ಷ − ಯ) ಎಂದು ಒಡೆದರೆ ಛೇದ ಹೊಡೆದುಹೋಗಿ ಕ್ಷ + ಯ ಮಾತ್ರ ಉಳಿಯುತ್ತದೆ. ಅಂದರೆ ಪ್ರಶ್ನೆ ಕೇಳುತ್ತಿರುವುದು ಮೊತ್ತವನ್ನು. ಹೇಳಿಕೆ 1 ಅದನ್ನು 9 ಎಂದು ಕೈಗಿಟ್ಟಿದೆ. ಹೇಳಿಕೆ 2 ಬರೀ ವ್ಯತ್ಯಾಸ ಹೇಳುತ್ತದೆ. ಉತ್ತರ ಎ.

ಲಾಭ-ನಷ್ಟದ ಲೆಕ್ಕದಲ್ಲೂ ಹೀಗೇ. ಶೇಕಡಾ ಲಾಭ ಕೇಳಿದರೆ ಬೇಕಾದ್ದು ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ಅನುಪಾತ, ರೂಪಾಯಿಯಲ್ಲ. ‘ಮಾರಿದ ಬೆಲೆ ಕೊಂಡ ಬೆಲೆಯ 1.25 ಪಟ್ಟು’ ಎಂಬ ಒಂದೇ ಸಾಲು ಸಾಕು. ‘ಲಾಭ 200 ರೂಪಾಯಿ’ ಎಂಬುದು ಒಂದೇ ಏನೂ ಹೇಳುವುದಿಲ್ಲ.

ಕರಗಿಸುವಾಗ ಒಂದು ಎಚ್ಚರ: ಪ್ರಶ್ನೆಯ ಅರ್ಥವೇ ಬದಲಾಗಬಾರದು. ‘ಕ್ಷ/ಯ > 1 ಆಗಿದೆಯೇ?’ ಎಂಬುದನ್ನು ‘ಕ್ಷ > ಯ ಆಗಿದೆಯೇ?’ ಎಂದು ಬರೆದರೆ ಪ್ರಶ್ನೆ ಹಾಳಾಯಿತು. ಯ ಋಣವಾಗಿದ್ದರೆ ಗುಣಿಸಿದಾಗ ಚಿಹ್ನೆ ತಿರುಗುತ್ತದೆ. ಕ್ಷ = 1, ಯ = −1 ತೆಗೆದುಕೊಳ್ಳಿ: ಕ್ಷ ದೊಡ್ಡದೇ, ಆದರೆ ಭಾಗಲಬ್ಧ −1.

## ಹಂತ 4: ಒಂದು ಹೇಳಿಕೆ, ಒಂದೇ ಹೇಳಿಕೆ

ಹಾಳೆಯಲ್ಲಿ ‘ಎ ಡಿ | ಬಿ ಸಿ ಇ’ ಎಂದು ಬರೆಯಿರಿ. ಹೇಳಿಕೆ 1 ಸಾಕಾದರೆ ಬಲಗಡೆಯ ಮೂರು ಹೊಡೆದುಹಾಕಿ. ಸಾಲದಿದ್ದರೆ ಎಡಗಡೆಯ ಎರಡು. ಹೇಳಿಕೆ 2 ಸುಲಭವಾಗಿ ಕಂಡರೆ ಅದರಿಂದಲೇ ಶುರು ಮಾಡಿ, ಆಗ ಪಟ್ಟಿ ‘ಬಿ ಡಿ | ಎ ಸಿ ಇ’ ಆಗುತ್ತದೆ. ಗಡಿಯಾರ ಓಡುತ್ತಿರುವಾಗ ಈ ಗೀಟು ದೊಡ್ಡ ಆಸರೆ: ಒಂದು ಹೇಳಿಕೆ ಅರ್ಥವಾಗದೇ ಹೋದರೂ ಇನ್ನೊಂದನ್ನು ನೋಡಿ ಐದರಲ್ಲಿ ಎರಡೋ ಮೂರೋ ಉಳಿಸಿಕೊಂಡು ಊಹಿಸಬಹುದು.

ಎರಡನೆಯ ಹೇಳಿಕೆಗೆ ಬಂದಾಗ ಮೊದಲನೆಯದನ್ನು ಮರೆತುಬಿಡಬೇಕು. ಹೇಳುವಷ್ಟು ಸುಲಭವಲ್ಲ ಇದು. ಹೇಳಿಕೆ 1ರಲ್ಲಿ ‘ಕ್ಷ > 0’ ಎಂದಿದ್ದರೆ, ಹೇಳಿಕೆ 2ರ ಕ್ಷ² = 16 ನೋಡಿದ ತಕ್ಷಣ ಮನಸ್ಸು 4 ಎಂದುಬಿಡುತ್ತದೆ. ಹೇಳಿಕೆ 2 ಒಂದೇ ಇದ್ದಾಗ −4 ಕೂಡ ಇದೆ. ಅಭ್ಯಾಸದಲ್ಲಿ ಹೇಳಿಕೆ 1ರ ಮೇಲೆ ಬೆರಳು ಅಡ್ಡ ಇಟ್ಟುಕೊಳ್ಳಿ. ಹೇಳಿಕೆ 2ರ ಲೆಕ್ಕವನ್ನು ಹಾಳೆಯ ಬೇರೆ ಕಡೆ, ಹಂತ 2ರ ಷರತ್ತುಗಳನ್ನಷ್ಟೇ ಹಿಡಿದು, ಹೊಸದಾಗಿ ಶುರು ಮಾಡಿ.

## ಹಂತ 5: ಸಮೀಕರಣದ ಜಾತಿ ನೋಡಿ

‘ಚರಾಕ್ಷರ ಎಷ್ಟೋ ಸಮೀಕರಣ ಅಷ್ಟು’ ಎಂಬ ಸೂತ್ರವನ್ನೇ ನಂಬಿ ಕುಳಿತವರನ್ನು ಬೀಳಿಸಲೆಂದೇ ಪ್ರಶ್ನೆ ಹೆಣೆದಿರುತ್ತಾರೆ. ಅದು ಎಲ್ಲೆಲ್ಲಿ ಕೈಕೊಡುತ್ತದೆ ನೋಡಿ.

ವೇಷ ಬದಲಿಸಿದ ಒಂದೇ ಸಮೀಕರಣ. 2ಕ್ಷ + 3ಯ = 12 ಮತ್ತು 4ಕ್ಷ + 6ಯ = 24. ಎರಡನೆಯದು ಮೊದಲನೆಯದರ ದುಪ್ಪಟ್ಟು, ಹೊಸ ಮಾಹಿತಿ ಇಲ್ಲ. ಕ್ಷ ಎಷ್ಟು ಎಂದರೆ ಉತ್ತರ ಇ. ಸಹಗುಣಕಗಳ ಅನುಪಾತ ಒಂದೇ ಇದೆಯೇ ಎಂದು ಸಿ ಒತ್ತುವ ಮುನ್ನ ಒಮ್ಮೆ ನೋಡಿ.

ಪೂರ್ಣಾಂಕದ ಗುಟ್ಟು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 7 ರೂಪಾಯಿಯ ಪೆನ್ಸಿಲ್‌ಗಳನ್ನೂ 11 ರೂಪಾಯಿಯ ಪೆನ್ನುಗಳನ್ನೂ ಒಬ್ಬ ಕೊಂಡ. ಪೆನ್ನು ಎಷ್ಟು?
ಹೇಳಿಕೆ 1: ಒಟ್ಟು 61 ರೂಪಾಯಿ ಆಯಿತು.
ಹೇಳಿಕೆ 2: ಒಟ್ಟು 7 ವಸ್ತು ಕೊಂಡ.

ಸಿ ಎನ್ನಲು ನಾಲಿಗೆ ತುದಿಯಲ್ಲೇ ಇದೆ. ಆದರೆ 61ರಿಂದ ಪೆನ್ನಿನ ದುಡ್ಡು ಕಳೆಯುತ್ತ ಹೋಗಿ: 1 ಪೆನ್ನಿಗೆ ಉಳಿದದ್ದು 50, 2ಕ್ಕೆ 39, 3ಕ್ಕೆ 28, 4ಕ್ಕೆ 17, 5ಕ್ಕೆ 6. ಇವುಗಳಲ್ಲಿ 7ರಿಂದ ಭಾಗವಾಗುವುದು 28 ಒಂದೇ. ಹಾಗಾಗಿ ಪೆನ್ನು 3, ಪೆನ್ಸಿಲ್ 4. ಹೇಳಿಕೆ 1 ಒಂದೇ ಸಾಕು, ಉತ್ತರ ಎ.

ಈಗ 61ನ್ನು 95 ಮಾಡಿ, 7 ವಸ್ತುವನ್ನು 9 ಮಾಡಿ. 12 ಪೆನ್ಸಿಲ್ ಮತ್ತು 1 ಪೆನ್ನು ಕೊಂಡರೆ 95; 1 ಪೆನ್ಸಿಲ್ ಮತ್ತು 8 ಪೆನ್ನು ಕೊಂಡರೂ 95. ಹೇಳಿಕೆ 1 ಈಗ ಸಾಲದು, ಒಟ್ಟು 9 ಎಂಬುದು ಸೇರಿದ ಮೇಲೆ 8 ಪೆನ್ನು ಎಂದು ಗೊತ್ತಾಗುತ್ತದೆ. ಉತ್ತರ ಸಿ.

ಯಾಕೆ ಹೀಗೆ? ಒಂದು ಪರಿಹಾರದಿಂದ ಇನ್ನೊಂದಕ್ಕೆ ಹೋಗಬೇಕಾದರೆ 7 ಪೆನ್ನು ಬಿಟ್ಟು 11 ಪೆನ್ಸಿಲ್ ತೆಗೆದುಕೊಳ್ಳಬೇಕು. ಎರಡೂ 77 ರೂಪಾಯಿ. ಒಟ್ಟು ಮೊತ್ತ ಎರಡು ದರಗಳ ಲ.ಸಾ.ಅ.ಗಿಂತ ಕಡಿಮೆ ಇದ್ದರೆ ಆ ಅದಲುಬದಲಿಗೆ ಜಾಗವೇ ಇಲ್ಲ, ಒಂದಕ್ಕಿಂತ ಹೆಚ್ಚು ಪರಿಹಾರ ಬರಲಾರದು. ಮೊತ್ತ ಅದಕ್ಕಿಂತ ಹೆಚ್ಚಿದ್ದರೆ ತಾಳ್ಮೆಯಿಂದ ಎಣಿಸಿ ನೋಡುವುದೇ ದಾರಿ.

ವರ್ಗ ಸಮೀಕರಣ. ಸಾಮಾನ್ಯವಾಗಿ ಎರಡು ಮೂಲ, ಹಾಗಾಗಿ ಬೆಲೆ ಕೇಳಿದರೆ ಸಾಲದು. ಆದರೆ ಕ್ಷ² − 6ಕ್ಷ + 9 = 0 ಎಂಬುದು (ಕ್ಷ − 3)² = 0, ಬೆಲೆ ಒಂದೇ, ಸಾಕು. ಕ್ಷ² − 5ಕ್ಷ − 14 = 0 ಕೊಟ್ಟರೆ 7 ಮತ್ತು −2; ಪ್ರಶ್ನೆಯಲ್ಲೇ ಕ್ಷ ಧನ ಎಂದಿದ್ದರೆ ಸಾಕು, ಇಲ್ಲದಿದ್ದರೆ ಸಾಲದು. ‘ವರ್ಗ ಕಂಡಿತು, ಆದ್ದರಿಂದ ಸಾಲದು’ ಎಂದು ಕುರುಡಾಗಿ ಹೇಳುವುದು, ವರ್ಗಮೂಲ ತೆಗೆದು ಋಣ ಬೆಲೆಯನ್ನು ಮರೆಯುವಷ್ಟೇ ಕೆಟ್ಟ ಅಭ್ಯಾಸ.

ಇನ್ನೊಂದು ಹಳೆಯ ರೋಗ: ಕ್ಷ² = 5ಕ್ಷ ಕಂಡಾಗ ಎರಡೂ ಕಡೆ ಕ್ಷದಿಂದ ಭಾಗಿಸಿ 5 ಎನ್ನುವುದು. ಕ್ಷ ಸೊನ್ನೆಯಲ್ಲ ಎಂದು ಯಾರೂ ಹೇಳಿಲ್ಲ. ಎಲ್ಲವನ್ನೂ ಒಂದೇ ಕಡೆ ತಂದು ಅಪವರ್ತಿಸಿ: ಕ್ಷ(ಕ್ಷ − 5) = 0, ಅಂದರೆ 0 ಅಥವಾ 5. ಹಾಗೆಯೇ √16 ಎಂದರೆ 4 ಮಾತ್ರ; ಕ್ಷ² = 16 ಎಂದರೆ 4 ಮತ್ತು −4. ಮೂಲದ ಚಿಹ್ನೆಯನ್ನು ಪ್ರಶ್ನೆ ಕೊಟ್ಟಿತೋ ನೀವೇ ಹಾಕಿದಿರೋ ನೋಡಿಕೊಳ್ಳಿ.

ಅಸಮತೆ. ಚಿಹ್ನೆ ಗೊತ್ತಿಲ್ಲದ ಚರಾಕ್ಷರದಿಂದ ಗುಣಿಸಬೇಡಿ, ಭಾಗಿಸಬೇಡಿ. ಒಂದೇ ದಿಕ್ಕಿನ ಎರಡು ಅಸಮತೆಗಳನ್ನು ಕೂಡಿಸಬಹುದು, ಕಳೆಯಬಾರದು. ಸಂಶಯ ಬಂದರೆ −2, −1, −½, 0, ½, 1, 2 ಎಂಬ ಏಳು ಸಂಖ್ಯೆಗಳನ್ನು ಹಾಕಿ ನೋಡಿ. ‘ಹೌದು’ ಕೊಡುವ ಒಂದು, ‘ಅಲ್ಲ’ ಕೊಡುವ ಒಂದು ಸಿಕ್ಕಿತೋ, ಸಾಲದು ಎಂದು ಅಲ್ಲೇ ನಿಲ್ಲಿಸಿ. ಆದರೆ ಏಳೂ ಒಂದೇ ಉತ್ತರ ಕೊಟ್ಟವು ಎಂದ ಮಾತ್ರಕ್ಕೆ ‘ಸಾಕು’ ಸಾಬೀತಾಗದು; ಅದಕ್ಕೆ ಬೀಜಗಣಿತದ ಕಾರಣ ಬೇಕು.

ಉದಾಹರಣೆ: ಕ್ಷ² > ಕ್ಷ ಆಗಿದೆಯೇ?
ಹೇಳಿಕೆ 1: ಕ್ಷ³ > ಕ್ಷ.
ಹೇಳಿಕೆ 2: ಕ್ಷ > −1.

ಮೊದಲು ಪ್ರಶ್ನೆ ಕರಗಿಸಿ: ಕ್ಷ(ಕ್ಷ − 1) > 0, ಅಂದರೆ ಕ್ಷ ಸೊನ್ನೆಗಿಂತ ಕಡಿಮೆಯೇ ಅಥವಾ 1ಕ್ಕಿಂತ ಹೆಚ್ಚೇ? ಹೇಳಿಕೆ 1ನ್ನು ಕ್ಷ(ಕ್ಷ − 1)(ಕ್ಷ + 1) > 0 ಎಂದು ಒಡೆದರೆ, ಕ್ಷ −1ಕ್ಕೂ 0ಗೂ ನಡುವೆ ಇದೆ, ಇಲ್ಲವೇ 1ರ ಆಚೆ ಇದೆ. ಎರಡು ಬೇರೆ ಬೇರೆ ತುಂಡುಗಳಾದರೂ ಎರಡರಲ್ಲೂ ಉತ್ತರ ‘ಹೌದು’. ಸಾಕು. ಹೇಳಿಕೆ 2ರಲ್ಲಿ −½ ಹಾಕಿದರೆ ಹೌದು, ½ ಹಾಕಿದರೆ ಅಲ್ಲ. ಉತ್ತರ ಎ. ಸಂಖ್ಯಾರೇಖೆ ಎಳೆದು ತುಂಡುಗಳನ್ನು ಗುರುತಿಸಿದರೆ ಅರ್ಧ ನಿಮಿಷ; ಮನಸ್ಸಿನಲ್ಲೇ ಮಾಡಿದರೆ ಎರಡು ನಿಮಿಷ, ಜೊತೆಗೆ ತಪ್ಪು.

## ಹಂತ 6: ಎರಡೂ ಸೋತ ಮೇಲಷ್ಟೇ ಸೇರಿಸಿ

ಬಿಡಿಯಾಗಿ ಒಂದು ಹೇಳಿಕೆ ಸಾಕಾಗಿದ್ದರೆ ಸೇರಿಸುವ ಪ್ರಶ್ನೆಯೇ ಇಲ್ಲ. ಎರಡೂ ಸಾಲದಿದ್ದರೆ ಮಾತ್ರ ಸಿ ಮತ್ತು ಇ ನಡುವೆ ತೀರ್ಮಾನ.

ಕ್ಷ + ಯ = 10 ಎಂಬುದು ಹೇಳಿಕೆ 1, ಕ್ಷ² + ಯ² = 58 ಎಂಬುದು ಹೇಳಿಕೆ 2 ಎಂದಿಟ್ಟುಕೊಂಡು ಪ್ರಶ್ನೆಯನ್ನು ಮಾತ್ರ ಬದಲಿಸುತ್ತ ಹೋಗಿ. ಮೊತ್ತದ ವರ್ಗ 100; ಅದರಲ್ಲಿ 58 ಕಳೆದರೆ 2 × ಕ್ಷ × ಯ = 42.

ಕ್ಷ × ಯ ಎಷ್ಟು? 21. ಉತ್ತರ ಸಿ.
ಕ್ಷ ಎಷ್ಟು? 3 ಇರಬಹುದು, 7 ಇರಬಹುದು. ಉತ್ತರ ಇ.
ಕ್ಷ − ಯ ಎಷ್ಟು? 4 ಅಥವಾ −4. ಉತ್ತರ ಇ.
ಕ್ಷ − ಯ ಇದರ ನಿರಪೇಕ್ಷ ಮೌಲ್ಯ ಎಷ್ಟು? 4. ಉತ್ತರ ಸಿ.

ಹೇಳಿಕೆಗಳು ಅವೇ, ಉತ್ತರ ಮಾತ್ರ ಪ್ರಶ್ನೆಯ ಹಿಂದೆ ಹೋಗುತ್ತದೆ. ಇದನ್ನು ಒಮ್ಮೆ ಕೈಯಾರೆ ಬರೆದು ನೋಡಿದವರು ಹಂತ 3ನ್ನು ಮತ್ತೆ ಹಾರಿಸುವುದಿಲ್ಲ.

ಎರಡು ವರ್ಗ ಸಮೀಕರಣ ಬಂದರೆ ಎರಡರ ಮೂಲಗಳನ್ನೂ ಬರೆದು ಸಮಾನವಾದದ್ದನ್ನು ಹುಡುಕಿ. ಒಂದರಲ್ಲಿ 2, 3. ಇನ್ನೊಂದರಲ್ಲಿ 3, 4 ಇದ್ದರೆ ಸೇರಿದಾಗ ಉಳಿಯುವುದು 3 ಮಾತ್ರ. ಸಿ.

## ಅಪಾಯದ ಸೂಚನೆಗಳು

ಹೇಳಿಕೆ 1ರಿಂದ ಕ್ಷ = 4, ಹೇಳಿಕೆ 2ರಿಂದ ಕ್ಷ = 6 ಬಂದರೆ ಎಲ್ಲೋ ಲೆಕ್ಕ ತಪ್ಪಿದೆ. ಜಿಮ್ಯಾಟ್‌ನ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿ ಇರುವುದಿಲ್ಲ. ಇದಕ್ಕಿಂತ ಅಗ್ಗದ ತಾಳೆ ಬೇರೆ ಇಲ್ಲ.

ಹತ್ತು ಸೆಕೆಂಡಿನಲ್ಲಿ ಸಿ ಕಾಣಿಸಿದರೆ ಅನುಮಾನಪಡಿ. ಒಂದು ಹೇಳಿಕೆ ದೊಡ್ಡದಾಗಿ, ಜಟಿಲವಾಗಿ ಇದ್ದು ಇನ್ನೊಂದು ‘ಯ = 2’ ಎಂದು ಸಪ್ಪೆಯಾಗಿದ್ದರೆ, ಆ ದೊಡ್ಡದರಲ್ಲಿ ಯ ಹೊಡೆದುಹೋಗುತ್ತದೆಯೇ ಎಂದು ಮೊದಲು ನೋಡಿ. ಬಹಳ ಸಲ ಹೋಗುತ್ತದೆ.

ಹೇಳಿಕೆಯೊಂದು ಪ್ರಶ್ನೆಯಲ್ಲಿದ್ದದ್ದನ್ನೇ ಮತ್ತೆ ಹೇಳುತ್ತಿದ್ದರೆ ಅದರಿಂದ ಏನೂ ಸಿಗದು. ಕ್ಷ ≠ 0 ಎಂದು ಮೊದಲೇ ಇದ್ದಾಗ ‘ಕ್ಷ² > 0’ ಎಂಬುದು ಇಂಥ ಪೊಳ್ಳು ಹೇಳಿಕೆ.

ಪರೀಕ್ಷಿಸಲು ಹಾಕಿದ ಸಂಖ್ಯೆ ಹೇಳಿಕೆಗೆ ಹೊಂದುತ್ತದೆಯೇ ಎಂದು ನೋಡದೆ ನೇರ ಪ್ರಶ್ನೆಗೆ ಹಾಕುವುದೂ ಸಾಮಾನ್ಯ. ಮೊದಲು ಹೇಳಿಕೆ ಪಾಲಿಸಲಿ, ಆಮೇಲೆ ಪ್ರಶ್ನೆ.

ಎರಡೂವರೆ ನಿಮಿಷ ದಾಟಿದರೆ ಗೀಟಿನಲ್ಲಿ ಉಳಿದವುಗಳಲ್ಲಿ ಒಂದನ್ನು ಆರಿಸಿ, ಗುರುತು ಹಾಕಿ ಮುಂದೆ ಹೋಗಿ. ವಿಭಾಗದ ಕೊನೆಯಲ್ಲಿ ಸಮಯ ಉಳಿದಿದ್ದರೆ ಮೂರು ಉತ್ತರಗಳವರೆಗೆ ಬದಲಿಸಲು ಅವಕಾಶವಿದೆ. ಪ್ರಶ್ನೆಗಳನ್ನು ಮುಗಿಸದೆ ಬಿಟ್ಟರೆ ಅಂಕಕ್ಕೆ ಪೆಟ್ಟು ಬೀಳುತ್ತದೆ, ಆದ್ದರಿಂದ ಕೊನೆಯ ಪ್ರಶ್ನೆಯವರೆಗೂ ಏನಾದರೂ ಒತ್ತಿ.

## ತಪ್ಪಿನ ಪುಸ್ತಕ

ದಿನಕ್ಕೆ 10 ಪ್ರಶ್ನೆ ಸಾಕು, 40 ಬೇಡ. ಮೊದಲ ವಾರ ಗಡಿಯಾರ ಇಡಬೇಡಿ. ತಪ್ಪಾದ ಪ್ರತಿ ಪ್ರಶ್ನೆಗೆ ಮೂರು ವಿಷಯ ಬರೆಯಿರಿ: ನೀವು ಒತ್ತಿದ್ದು, ಸರಿಯುತ್ತರ, ಯಾವ ಹಂತದಲ್ಲಿ ಜಾರಿದಿರಿ. ‘ಗಮನ ಕೊಡಲಿಲ್ಲ’ ಎಂದು ಬರೆಯಬೇಡಿ, ಅದರಿಂದ ಏನೂ ತಿಳಿಯದು. ‘ಸಿ ಒತ್ತಿದೆ, ಎ ಆಗಬೇಕಿತ್ತು, ಪ್ರಶ್ನೆ ಕರಗಿಸಲಿಲ್ಲ’ ಎಂದು ಬರೆಯಿರಿ. ಎ ಅಥವಾ ಬಿ ಇರಬೇಕಾದಲ್ಲಿ ಸಿ ಒತ್ತಿದ್ದೇ ಹೆಚ್ಚಾದರೆ ಹಂತ 3 ದುರ್ಬಲ. ಸಿ ಇರಬೇಕಾದಲ್ಲಿ ಎ, ಬಿ ಅಥವಾ ಡಿ ಒತ್ತಿದ್ದರೆ ಒಂದು ಹೇಳಿಕೆಯ ಮಾಹಿತಿ ಇನ್ನೊಂದಕ್ಕೆ ಸೋರುತ್ತಿದೆ, ಇಲ್ಲವೇ ಸೊನ್ನೆ-ಋಣ-ಭಿನ್ನರಾಶಿಯನ್ನು ಮರೆಯುತ್ತಿದ್ದೀರಿ.

## ಬ್ಯಾಂಕ್, ಯುಪಿಎಸ್‌ಸಿ ಪರೀಕ್ಷೆಯನ್ನೂ ಬರೆಯುವವರಿಗೆ

ಮೇಲಿನ ಹಂತಗಳು ಅಲ್ಲೂ ನಡೆಯುತ್ತವೆ, ಆದರೆ ಆಯ್ಕೆಗಳ ಕ್ರಮ ಬೇರೆ. ಬ್ಯಾಂಕ್ ಪರೀಕ್ಷೆಗಳ ಎರಡು ಹೇಳಿಕೆಯ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಮೂರನೆಯ ಆಯ್ಕೆ ‘ಯಾವುದಾದರೂ ಒಂದು ಸಾಕು’, ನಾಲ್ಕನೆಯದು ‘ಸೇರಿದರೂ ಸಾಲದು’, ಐದನೆಯದು ‘ಎರಡೂ ಬೇಕು’. ಜಿಮ್ಯಾಟ್‌ನ ಸಿ, ಡಿ, ಇ ಅಲ್ಲಿ ಕ್ರಮವಾಗಿ ಐದು, ಮೂರು, ನಾಲ್ಕನೆಯ ಜಾಗದಲ್ಲಿ ಕೂತಿರುತ್ತವೆ. ಯುಪಿಎಸ್‌ಸಿಯ ಸಿಸ್ಯಾಟ್‌ನಲ್ಲಿ (ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆ) ನಾಲ್ಕೇ ಆಯ್ಕೆ. ಒಂದು ಹೇಳಿಕೆ ಮಾತ್ರ ಸಾಕು ಎಂಬುದನ್ನು, ಅದು ಯಾವುದೇ ಇರಲಿ, ಒಂದೇ ಆಯ್ಕೆಯಲ್ಲಿ ಸೇರಿಸಿರುತ್ತಾರೆ. ತಪ್ಪುತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವೂ ಇದೆ. ಈ ಪರೀಕ್ಷೆಗಳಲ್ಲಿ ಸೂಚನೆಯನ್ನು ಪ್ರತಿ ಸಲವೂ ಓದಿ, ಹಾಳೆಯಲ್ಲಿ ಅಕ್ಷರದ ಬದಲು ‘1’, ‘2’, ‘ಸೇರಿ’, ‘ಎರಡೂ ಬಿಡಿ’, ‘ಇಲ್ಲ’ ಎಂದು ಬರೆದುಕೊಂಡು ಕೊನೆಗೆ ಆಯ್ಕೆಗೆ ಹೊಂದಿಸಿ.